ಅಪ್ಪನ ತೂಗುಗುಂಡು

ಒಂಬತ್ತನೇ ಇಯತ್ತೆಗೆಂದು ಹೊಲಿಸಿದ ನನ್ನ ನೀಲಿ ಲಂಗದ ಅಂಚು ಒಂದು ಕಡೆ ಇಳಿದಿತ್ತು. ಖಾನಾಪುರದ ನಮ್ಮ ಟೇಲರ್ ಜೊತೆ ಅವ್ವ ಜಗಳವಾಡಿ ಎರಡು ಸಲ ಬಿಚ್ಚಿಸಿ ಹೊಲಿಸಿದಳು. ಮೂರನೇ ಸಲ ಆತ ಕೈಮುಗಿದ. "ಲಂಗ ನೆಟ್ಟಗ ಐತ್ರಿ ಅಕ್ಕಾರ, ನಿಮ್ಮ ಹುಡುಗೀನ ಜರಾ ವಾಲ್ಯಾಳ ನೋಡ್ರಿ." ಆತನ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ಇಳಿಯಿತು. "ನೆಟ್ಟಗ ನಿಂದ್ರಾಕ ಏನ ಧಾಡಿ ನಿನಗ?"

ಅಪ್ಪ ಗೌಂಡಿ. ಮನೆ ಕಟ್ಟುವವನಿಗೆ ಬೈಗುಳಕ್ಕಿಂತ ದಾರದ ಮೇಲೆ ಹೆಚ್ಚು ನಂಬಿಕೆ. ಗೋಡೆಯ ನೇರ ನೋಡುವ, ತನ್ನ ಅಪ್ಪನಿಂದ ಬಂದ ಹಿತ್ತಾಳೆಯ ತೂಗುಗುಂಡನ್ನು ಚೀಲದಿಂದ ತೆಗೆದು, ದಾರದ ತುದಿಯನ್ನು ನನ್ನ ಕುತ್ತಿಗೆಯ ಹಿಂದೆ ಒತ್ತಿ ಹಿಡಿದು ಇಳಿಬಿಟ್ಟ. ಗುಂಡು ಎರಡು ಹಿಮ್ಮಡಿಗಳ ನಡುವೆ ನಿಲ್ಲಬೇಕಿತ್ತು. ಬಲ ಹಿಮ್ಮಡಿಯ ಮೇಲೆ ಹೋಗಿ ನಿಂತಿತು. ಗೋಡೆಯಾಗಿದ್ದರೆ ಕೆಡವಿ ಕಟ್ಟುತ್ತಿದ್ದ.

ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿದ್ದ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದ. ಅವರು ನನ್ನನ್ನು ಬಗ್ಗಿಸಿ ಬೆನ್ನು ನೋಡಿದರು, ಎಕ್ಸ್‌ರೇ ತೆಗೆಸಿದರು, ಎಡಗಾಲ ಕೆಳಗೆ ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ಸೊಂಟ ಸಮ ಬರುತ್ತದೋ ಎಂದು ನೋಡಿದರು.

"ಎಡಗಾಲ ಸ್ವಲ್ಪ ಗಿಡ್ಡ ಅದ. ಬೆನ್ನಿನ ಡೊಂಕು ಅದರಿಂದನ ಬಂದಿದ್ರ ಬೂಟಿನೊಳಗ ಅಟ್ಟಿ ಹಾಕಿದ್ರ ಹೋಗತೈತಿ. ಹೋಗಲಿಲ್ಲಂದ್ರ ಬೆನ್ನಿಗೆ ಪಟ್ಟಾ ಕಟ್ಟಬೇಕು. ಬೆಳಿಯೂ ಹುಡುಗಿ, ತಡಾ ಮಾಡಬ್ಯಾಡ್ರಿ. ಮೂರ ತಿಂಗಳಿಗೆ ತಪ್ಪದ ಕರಕೊಂಡು ಬರ್ರಿ."

ಅಲ್ಲೇ ಮಿಲಿಟರಿ ಬೂಟು ಹೊಲಿಯುವ ಮುದುಕನೊಬ್ಬ ಕಾರ್ಕಿನ ತುಂಡಿನ ಮೇಲೆ ತೊಗಲು ಅಂಟಿಸಿ ಅಟ್ಟೆ ಮಾಡಿಕೊಟ್ಟ. ಮನೆಯೊಳಗೂ ಬೂಟು ಹಾಕಿಕೊಂಡಿರಬೇಕಂತೆ ಎಂದು ಅಪ್ಪ ಹೇಳಿದಾಗ ಅಜ್ಜಿ ದೇವರ ಜಗಲಿಯ ಕಡೆ ಒಮ್ಮೆ ನೋಡಿದಳು. ಆ ಮಾತು ಅಲ್ಲಿಗೇ ಮುಗಿಯಿತು.

ತಿಂಗಳಾದ ಮೇಲೆ ಒಂದು ರವಿವಾರ ಅಪ್ಪ ಅಂಗಳದಲ್ಲಿ ಬೂಟು ಹಾಕಿಸಿ ನಿಲ್ಲಿಸಿ ಮತ್ತೆ ಗುಂಡು ಇಳಿಬಿಟ್ಟ. ಅವನು ಉಸಿರು ಹಿಡಿದಿದ್ದು ನನಗೆ ಕುತ್ತಿಗೆಯ ಹಿಂದೆ ತಿಳಿಯಿತು. ಗುಂಡು ಮತ್ತೆ ಬಲಕ್ಕೇ ನಿಂತರೆ ಅವನ ಮುಖ ನೋಡಲಾಗದು ಅನ್ನಿಸಿತು. ಹೊಟ್ಟೆ ಒಳಗೆಳೆದು, ಮೈಯನ್ನು ಎಡಕ್ಕೆ ಜಗ್ಗಿ, ಹಲ್ಲು ಕಚ್ಚಿ ನಿಂತೆ.

"ಬಂತು! ಖರೇನ ನಡುವ ಬಂತು!" ಅಪ್ಪ ಅವ್ವನನ್ನು ಕೂಗಿದ. ಮರುದಿನ ಟೇಲರ್‌ಗೂ ಹೋಗಿ ಹೇಳಿ ಬಂದ.

ಆಮೇಲೆ ಪ್ರತಿ ರವಿವಾರ ಹಾಗೇ ನಿಂತೆ. ಯಾವ ಪರೀಕ್ಷೆಗೂ ನಾನು ಅಷ್ಟು ತಯಾರಿ ಮಾಡಿದವಳಲ್ಲ. ಮೂರು ತಿಂಗಳಾದಾಗ ಅವ್ವ ಡಾಕ್ಟರ ನೆನಪು ಮಾಡಿದಳು. "ಗುಂಡು ನಡುವ ನಿಂದ್ರಾಕತ್ತೈತಿ, ಮತ್ತ್ಯಾಕ ಡಾಕ್ಟರು?" ಎಂದ ಅಪ್ಪ. ಆಗಲೇ ಹೇಳಬೇಕಿತ್ತು. ಅವನ ಮುಖ ನೋಡಿ ಬಾಯಿ ಬರಲಿಲ್ಲ. ಪ್ರತಿ ವಾರ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು.

ವರ್ಷ ಕಳೆದು ಬೆನ್ನುನೋವಿಗೆ ಬೆಂಚಿನ ಮೇಲೆ ಕೂರಲಾಗದೆ ಹೋದಾಗ ಮತ್ತೆ ಕ್ಯಾಂಪಿಗೆ ಹೋದೆವು. "ಮೈ ಸಡ್ಲ ಬಿಟ್ಟು ನಿಂದ್ರವಾ," ಎಂದರು ಡಾಕ್ಟರು. ಬಿಟ್ಟೆ. ಅಪ್ಪ ನೋಡುತ್ತಿದ್ದ.

"ಇಷ್ಟ ದಿನಾ ಯಾಕ ಬರಲಿಲ್ರಿ? ಡೊಂಕು ಭಾಳ ಹೆಚ್ಚಾಗೈತಿ. ಬೆಳವಣಿಗಿ ಮುಗೀತು, ಇನ್ನ ಪಟ್ಟಾ ಕಟ್ಟಿ ಉಪಯೋಗಿಲ್ಲ."

"ಗುಂಡು ನಡುವ ನಿಂತಿತ್ರಿ ಸಾಹೇಬ್ರ," ಎಂದ ಅಪ್ಪ, ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ವಾರಾ ವಾರಾ ನಾನ ನೋಡೇನಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವಾಗ ಅಪ್ಪ ಒಂದು ಅಂಗಡಿಗೆ ಹೊಕ್ಕು ಹೊಸ ತೂಗುಗುಂಡು ಕೊಂಡ. ಬಸ್ಸಿನಲ್ಲಿ ಅದನ್ನು ನನ್ನ ಮಡಿಲಲ್ಲಿಟ್ಟು, "ಹಳೇದು ತಪ್ಪ ತೋರಸ್ತಿತ್ತು ಯವ್ವಾ," ಎಂದ. ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೇ, "ಅದನ್ನ ನಂಬಿ ಎಷ್ಟ ಮಂದಿ ಮನಿ ಕಟ್ಟೀನೋ ಏನೋ," ಅಂದ.

ಮರುದಿನ ಬೆಳಿಗ್ಗೆ ಕೆಲಸ ಬಿಟ್ಟು, ಹೊಸ ಗುಂಡು ಹಿಡಿದು ನಂದಗಡಕ್ಕೆ ಹೊರಟ. ಅಲ್ಲಿ ಅವನು ಕಟ್ಟಿದ ಹನ್ನೊಂದು ಮನೆಗಳಿದ್ದವು. ಒಂದಾದರೂ ಗೋಡೆ ವಾಲಿರಲಿ, ಒಂದೇ ಒಂದು, ತಪ್ಪು ಹಳೇ ಗುಂಡಿನದೇ ಆಗಲಿ, ಎಂದು ದಿನವಿಡೀ ದೇವರ ಜಗಲಿಯ ಮುಂದೆ ಬೇಡಿಕೊಂಡೆ.

ಸಂಜೆ ಬಂದು ಚೀಲವನ್ನು ಗೂಟಕ್ಕೆ ಹಾಕಿದ. ಅವ್ವ ಕೇಳಿದಳು.

"ಎಲ್ಲಾ ನೆಟ್ಟಗ ಅದಾವು," ಎಂದ ಅಪ್ಪ, ನನ್ನ ಕಡೆ ನೋಡದೆ.