ಕನ್ನಡ ಬರುವುದಿಲ್ಲ ಎಂದದ್ದು

ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಲಂಡನ್ನಿನ ಅಂಚಿನ ಸಟನ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ಒಂದು ಕಾಲೇಜಿಗೆ ಸೇರಿದೆ. ಫಿಸಿಯೋಥೆರಪಿ ಸಹಾಯಕರನ್ನು ತಯಾರು ಮಾಡುವ ಒಂದು ವರ್ಷದ ಕೋರ್ಸ್ ಅದು. ರೋಗಿಗಳನ್ನು ಎಬ್ಬಿಸುವುದು, ನಡೆಸುವುದು, ಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡಿಸುವುದು ನಮ್ಮ ಪಾಠ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಇಲ್ಲಿ ಡಾಕ್ಟರ ಹೆಂಡತಿ ಎನ್ನಿಸಿಕೊಂಡಿದ್ದ ನನಗೆ ‘ಸಹಾಯಕಿ’ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಆ ವರ್ಷ ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರ್‌ನಲ್ಲಿ ಒಬ್ಬರ ಮನೆಯ ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದೆವು. ಮೈಸೂರಿನ ಡಾಕ್ಟರಮ್ಮ ಒಬ್ಬರು, "ಏನ್ ಓದ್ತಿದೀರಾ?" ಎಂದು ಕೇಳಿದರು.

"ಫಿಸಿಯೋಥೆರಪಿ," ಎಂದೆ.

"ಡಿಗ್ರೀನಾ?"

"ಹೂಂ."

ಅವರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ.

ಬೇಸಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ತರಬೇತಿ ಶುರುವಾಯಿತು. ಒಂದು ಬೆಳಿಗ್ಗೆ ಥೆರಪಿಸ್ಟ್ ನನ್ನನ್ನೂ, ಘಾನಾದಿಂದ ಬಂದಿದ್ದ ನನ್ನ ಸಹಪಾಠಿಯನ್ನೂ ವಾರ್ಡಿಗೆ ಕರೆದೊಯ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿಯೊಬ್ಬರನ್ನು ಎಬ್ಬಿಸಿ ನಿಲ್ಲಿಸಬೇಕಿತ್ತು. ಹಾಸಿಗೆಯ ಪಕ್ಕ ಮನೆಯವರ ಫೋಟೋ ಇತ್ತು. ನಡುವೆ ನಗುತ್ತಿದ್ದವರು ಅದೇ ಡಾಕ್ಟರಮ್ಮ. ಫೈಲಿನಲ್ಲಿ ಸೊಸೆ ಎಂದು ಅವರ ಹೆಸರಿತ್ತು; ಅಜ್ಜಿ ಮೈಸೂರಿನಿಂದ ಬಂದಿದ್ದ ಅವರ ಅತ್ತೆ.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ನಿನಗೆ ಇವರ ಭಾಷೆ ಗೊತ್ತಾ?" ಎಂದು ಥೆರಪಿಸ್ಟ್ ಕೇಳಿದಳು. ನನ್ನ ಎದೆಯ ಮೇಲೆ ಸಹಾಯಕಿಯ ಬ್ಯಾಡ್ಜ್. ಒಂದು ಮಾತಾಡಿದರೂ ಅಜ್ಜಿ ಊರು, ಮನೆ ಎಲ್ಲ ವಿಚಾರಿಸುತ್ತಾರೆ, ಸಂಜೆಯೊಳಗೆ ಸೊಸೆಯ ಕಿವಿಗೆ ಬೀಳುತ್ತದೆ.

"ಇಲ್ಲ, ನನ್ನದು ಬೇರೆ ಭಾಷೆ," ಎಂದೆ.

ವಾಕರ್ ಹಿಡಿದು ಎದ್ದು ನಿಂತ ಅಜ್ಜಿ ನನ್ನ ಮುಖವನ್ನೇ ನೋಡಿ ಹೇಳಿದರು, "ತಲೆ ಸುತ್ತುತ್ತಿದೆ ಕಣಮ್ಮ. ಕೂರಿಸಿಬಿಡು ನನ್ನ."

"ಏನಂತೆ?" ಎಂದಳು ಥೆರಪಿಸ್ಟ್. ತಿಳಿಯಲಿಲ್ಲ ಎಂದು ತಲೆಯಾಡಿಸಿದೆ. ಕಾಲಿನಿಂದ ಕುರ್ಚಿಯನ್ನು ಮಾತ್ರ ಹತ್ತಿರಕ್ಕೆ ಎಳೆದುಕೊಂಡೆ. ಇನ್ನೊಂದೇ ಹೆಜ್ಜೆ ಎಂದು ಥೆರಪಿಸ್ಟ್ ಅಜ್ಜಿಯನ್ನು ಹುರಿದುಂಬಿಸಿದಳು. ಆ ಹೆಜ್ಜೆಯಲ್ಲೇ ಅವರಿಗೆ ಎಚ್ಚರ ತಪ್ಪಿತು. ಮೂವರು ಹಿಡಿದರೂ ಜಾರಿದರು, ಹಣೆ ಕುರ್ಚಿಯ ಕೈಗೆ ಬಡಿಯಿತು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು.

ಅಜ್ಜಿ ಬಿದ್ದದ್ದರ ವರದಿ ಬರೆಯುವಾಗ ಥೆರಪಿಸ್ಟ್, "ನನಗೆ ಮೊದಲೇ ಗೊತ್ತಾಗಬೇಕಿತ್ತು," ಎಂದು ತನ್ನನ್ನೇ ಬೈದುಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಮನೆಯಲ್ಲಿ ಗಂಡನಿಗೂ ಹೇಳಲಿಲ್ಲ. ಮುಂದಿನ ವಾರ ತರಬೇತಿಗೆ ಹೋದಾಗ, ಕೆಲಸ ಶುರುವಾಗುವ ಮೊದಲೇ ಒಬ್ಬಳೇ ಅಜ್ಜಿಯ ಹಾಸಿಗೆಯ ಬಳಿ ಹೋದೆ.

"ಅಜ್ಜಿ, ನನಗ ಕನ್ನಡ ಬರ್ತದ್ರಿ."

ಅವರಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತು. ನಾನು ಹೇಳಿದ ತಕ್ಷಣ ಕುರ್ಚಿ ಎಳ್ಕೊಂಡೆಯಲ್ಲ."

"ತಪ್ಪಾತ್ರಿ. ಡಿಗ್ರಿ ಓದ್ಲಿಕ್ಹತ್ತೀನಿ ಅಂತ ನಿಮ್ಮ ಸೊಸಿಗೆ ಸುಳ್ಳು ಹೇಳಿದ್ದೆ. ಈ ಕೆಲಸ ಅಂತ ಗೊತ್ತಾದ್ರ ಏನಂತಾರೋ ಅಂತ ನಾಚಿಕಿ ಆತ್ರಿ."

ಅಜ್ಜಿ ಹಣೆಯ ಪಟ್ಟಿಯನ್ನು ಮುಟ್ಟಿಕೊಂಡರು. "ಇಡೀ ವಾರ್ಡಲ್ಲಿ ನನ್ನ ಮಾತು ತಿಳಿಯೋಳು ನೀನೊಬ್ಬಳೇ ಇದ್ದಿದ್ದು," ಎಂದರು. "ಸೊಸೆಗೆ ನಾನೇನೂ ಹೇಳಿಲ್ಲ. ಆದ್ರೆ ಇವತ್ತು ಆ ಇನ್ನೊಂದು ಹುಡುಗಿ ನನ್ನ ಎಬ್ಬಿಸಲಿ."

ಸಹಪಾಠಿಯನ್ನು ಕರೆದೆ. ಅವಳ ಹೆಗಲು ಹಿಡಿದು ಅಜ್ಜಿ ಎದ್ದರು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತ ನಾನು ದೂರ ನಿಂತೆ.

ಅಂದೇ ಥೆರಪಿಸ್ಟ್‌ಗೂ ಹೇಳಿದೆ. ಅವಳು ಬೈಯಲಿಲ್ಲ, ನನ್ನ ಎದುರೇ ವರದಿಯನ್ನು ತಿದ್ದಿದಳು. ಕಾಲೇಜು ಆ ತರಬೇತಿಯಲ್ಲಿ ನನ್ನನ್ನು ಫೇಲ್ ಮಾಡಿತು. ಬೇರೊಂದು ಆಸ್ಪತ್ರೆಯಲ್ಲಿ ಮೊದಲಿನಿಂದ ಮಾಡಿ ಪಾಸಾದೆ, ಆಮೇಲೆ ಅದೇ ಕೆಲಸವನ್ನು ಹನ್ನೊಂದು ವರ್ಷ ಮಾಡಿದೆ.

ಡಾಕ್ಟರಮ್ಮ ಮುಂದಿನ ದೀಪಾವಳಿಗೆ ಸಿಕ್ಕಾಗ, ನಾನು ಓದಿದ್ದು ಡಿಗ್ರಿಯಲ್ಲ, ಸಹಾಯಕಿಯ ಕೋರ್ಸ್ ಎಂದು ಹೇಳಿಬಿಟ್ಟೆ. "ಅದಕ್ಕೇನಂತೆ, ಒಳ್ಳೆ ಕೆಲಸ," ಎಂದು ಅವರು ಪಾಯಸ ಬಡಿಸಲು ಹೋದರು. ನಾನು ಅಷ್ಟು ಹೆದರಿದ್ದ ವಿಷಯ ಅಷ್ಟರಲ್ಲೇ ಮುಗಿಯಿತು. ಅಜ್ಜಿ ಆಗಲೇ ಮೈಸೂರಿಗೆ ಹೋಗಿದ್ದರು. ಅವರು ಬಿದ್ದದ್ದು ಹೇಗೆಂದು ಸೊಸೆಗೆ ಹೇಳುವ ಧೈರ್ಯ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.