ಬೆಟ್ಟ ಹತ್ತಿದ ಅಂಬಾಸಿಡರ್

ಹೂಟಗಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ನರ್ಸ್ ಒಬ್ಬರು ತುಕ್ಕು ಹಿಡಿದ ಹಳೇ ಅಂಬಾಸಿಡರ್ ಕೊಂಡರು. ಬಣ್ಣ ಹೊಡೆಸಿ ಎಂದವರಿಗೆಲ್ಲ, ಗ್ರೀಸ್ ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ, "ಮೊದ್ಲು ಓಡ್ಲಿ ಬುಡಿ," ಎನ್ನುತ್ತಿದ್ದರು.

"ಗೇಟೂ ದಾಟಲ್ಲ ಕಣಕ್ಕ," ಎಂದು ಅವರ ತಮ್ಮ ನಗುತ್ತಿದ್ದ. ಅವರು ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಬ್ರೇಕು, ಕ್ಲಚ್ಚು ಹೊಸದು ಹಾಕಿಸಿದರು.

ಒಂದು ಭಾನುವಾರ ತಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟರು. ಕಡಿದಾದ ತಿರುವಿನಲ್ಲಿ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನಾನು ಕಣ್ಣು ಮುಚ್ಚಿದೆ. ಬ್ರೇಕು ಹಿಡಿಯಿತು, ಕಾರು ಒಂದಿಂಚೂ ಹಿಂದಕ್ಕೆ ಜಾರಲಿಲ್ಲ. ಬಸ್ಸು ಹೊರಟಾಗ ಅವರು ಮೆಲ್ಲಗೆ ಕ್ಲಚ್ಚು ಬಿಟ್ಟು, ಏನೋ ಗುನುಗುತ್ತ ಕಾರನ್ನು ಮೇಲಕ್ಕೇರಿಸಿದರು.

ಬೆಟ್ಟದ ಮೇಲೆ ಅವರ ತಮ್ಮ ಕೈ ಚಾಚಿದ. "ಇಳಿಯೋವಾಗ ನಾನು ಓಡಿಸ್ಲಾ ಅಕ್ಕ?"

ಅವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ನೀನು ಹಿಂದೆ ಕೂತ್ಕೊಂಡು ಊರು ನೋಡ್ಕೊಂಡು ಬಾ."