ಕಾಲಿಗೆ ನೆಲ ಮುಟ್ಟಿಸುವ ಬೂಟಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ಹಿಂಬದಿಯಲ್ಲಿ, ಔಷಧದ ಉಗ್ರಾಣಕ್ಕೂ ಬಟ್ಟೆ ಒಗೆಯುವ ಕೋಣೆಗೂ ನಡುವಿನ ಉದ್ದನೆಯ ಕೊಠಡಿಯಲ್ಲಿ ಆಗಲೇ ದೀಪ ಹತ್ತಿದೆ. ಕಿಟಕಿಯ ಪಕ್ಕ ಕೂತ ಹೆಂಗಸೊಬ್ಬರು ಬೂಟೊಂದನ್ನು ಬೋರಲು ಹಾಕಿಕೊಂಡು ಅದರ ಕಾರ್ಕಿನ ದಪ್ಪ ಅಟ್ಟೆಯನ್ನು ಉಜ್ಜುಕಾಗದದಿಂದ ತಿಕ್ಕುತ್ತಿದ್ದಾರೆ. ನಾಲ್ಕು ಸಲ ತಿಕ್ಕುವುದು, ಪುಡಿಯನ್ನು ಊದುವುದು, ಹೆಬ್ಬೆರಳಿನಿಂದ ಅಂಚು ಸವರಿ ನೋಡುವುದು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಕ್ಕಿತೋ, ಮತ್ತೆ ಮೊದಲಿಂದ. ತುಟಿ ಮಾತ್ರ ಅಲುಗುತ್ತಲೇ ಇದೆ. ನೋಡಿದವರು ಅಳತೆಯ ಲೆಕ್ಕ ಹಾಕುತ್ತಿದ್ದಾರೆ ಅಂದುಕೊಳ್ಳಬೇಕು.

"ಲೆಕ್ಕ ಅಲ್ಲ, ಪ್ರಾರ್ಥನೆ," ಎನ್ನುತ್ತಾರೆ ಅವರು, ತಲೆ ಎತ್ತದೆ. "ಇದು ಒಬ್ಬ ಅಂಚೆಯಣ್ಣನ ಬೂಟು. ದಿನಾ ಮೆಟ್ಟಿಲು ಹತ್ತಿಳಿಯೋ ಕಾಲು. ನಾಯಿ ಅಟ್ಟಿಸ್ಕೊಂಡು ಬಂದ್ರೂ ಓಡೋ ಹಾಗಿರ್ಲಪ್ಪಾ ಅಂತ ಹೇಳ್ತಿದ್ದೆ."

ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು ಬೂಟಕ್ಕ. ವಯಸ್ಸು ಐವತ್ತನಾಲ್ಕು. ಒಂದು ಕಾಲು ಗಿಡ್ಡವಾದವರಿಗೆ, ಪಾದ ಸೊಟ್ಟಗಾದವರಿಗೆ, ಅಪಘಾತದಲ್ಲಿ ಬೆರಳು ಕಳೆದುಕೊಂಡವರಿಗೆ ಹೇಳಿ ಮಾಡಿಸಿದ ಬೂಟು ಹೊಲಿಯುವುದು ಇವರ ಕೆಲಸ. ಮೂವತ್ತಮೂರು ವರ್ಷದಿಂದ ಅದೇ ಕೊಠಡಿ, ಅದೇ ಕಿಟಕಿ. ವಾರಕ್ಕೆ ಒಬ್ಬಿಬ್ಬರ ಪಾದ ಅಳೆಯುತ್ತಾರೆ. ಒಂದು ಜೊತೆ ಮುಗಿಯಲು ಮೂರು ದಿನ ಬೇಕು, ಕಾಲು ಹಟಮಾರಿಯಾಗಿದ್ದರೆ ಐದು. ಗೋಡೆಯುದ್ದದ ಕಪಾಟಿನಲ್ಲಿ ಪ್ಲಾಸ್ಟರಿನ ಪಾದಗಳು ಸಾಲಾಗಿ ಕೂತಿವೆ, ಆರುನೂರಕ್ಕೂ ಹೆಚ್ಚು. ಹೆಸರಿನ ಚೀಟಿ ಬಿದ್ದುಹೋದರೂ ಯಾರ ಪಾದ ಯಾವುದೆಂದು ಬೂಟಕ್ಕ ಹೇಳಬಲ್ಲರು.

ಅವರ ಎಡಗಾಲು ಬಲಗಾಲಿಗಿಂತ ಎರಡೂವರೆ ಇಂಚು ಗಿಡ್ಡ. ಮೂರನೇ ವರ್ಷದಲ್ಲಿ ಬಂದ ಜ್ವರ ಆ ಕಾಲಿನ ಶಕ್ತಿಯನ್ನೆಲ್ಲ ಹಿಂಡಿಕೊಂಡು ಹೋಯಿತು. ಎಂಟು ವರ್ಷದವರೆಗೆ ಅಮ್ಮ ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟುಬರುತ್ತಿದ್ದರು. ಆಮೇಲೆ ಊರುಗೋಲು ಬಂತು. ಅಮ್ಮನಿಗೆ ದೇವರ ಮೇಲೆ ಎಲ್ಲಿಲ್ಲದ ಭರವಸೆ. ಭಾನುವಾರ ಚರ್ಚು ತಪ್ಪಿಸಿದ್ದೇ ಇಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ದೊಡ್ಡ ಸ್ವಸ್ಥತೆಯ ಕೂಟಕ್ಕೆ ಅಮ್ಮ ಮಗಳನ್ನು ಕರೆದುಕೊಂಡು ಹೋದರು. ಹೊರಗಿನಿಂದ ಬಂದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಊರುಗೋಲು ಕಿತ್ತುಕೊಂಡು, "ನಡಿ" ಅಂದರು. ಮಗಳು ನಡೆದಳು. ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಮುಗ್ಗರಿಸಿ ಬಿದ್ದು ಗಲ್ಲ ಒಡೆಯಿತು. "ಇವಳ ನಂಬಿಕೆ ಸಾಲದು" ಎಂದು ಬೋಧಕರು ಮೈಕಿನಲ್ಲಿ ಹೇಳಿದ್ದು ತುಂಬಿದ ಸಭೆಗೆಲ್ಲ ಕೇಳಿಸಿತು.

"ಗಲ್ಲದ ಗಾಯ ಹದಿನೈದು ದಿನದಲ್ಲಿ ಮಾಯ್ತು," ಎನ್ನುತ್ತಾರೆ ಬೂಟಕ್ಕ. "ಆದ್ರೆ ಅವತ್ತು ಅಮ್ಮನ ಮುಖ ನೋಡ್ದೆ ನೋಡಿ, ಅದು ಮಾಯ್ಲಿಲ್ಲ. ಎರಡು ವರ್ಷ ಚರ್ಚಿನ ಕಡೆ ತಲೆ ಹಾಕಿ ಮಲಗ್ಲಿಲ್ಲ ನಾನು."

ಅಮ್ಮ ಒತ್ತಾಯಿಸಲಿಲ್ಲ. ಭಾನುವಾರ ಒಬ್ಬರೇ ಹೋಗಿ, ಒಬ್ಬರೇ ಬಂದು, ಮಗಳಿಗೆ ಬಿಸಿ ಊಟ ಬಡಿಸುತ್ತಿದ್ದರು.

ಇಪ್ಪತ್ತೊಂದನೇ ವಯಸ್ಸಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಇದೇ ಕೊಠಡಿಗೆ ಬಂದರು, ರೋಗಿಯಾಗಿ. ಆಗ ಇಲ್ಲಿದ್ದವರು ಒಬ್ಬ ಮುದಿ ಮೇಸ್ತ್ರಿ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಮಾತು ಕಡಿಮೆ. ಅವರು ಮಂಡಿಯೂರಿ ಕಾಲು ಅಳೆಯುತ್ತಿದ್ದಾಗ ಈ ಹುಡುಗಿ ಸಿಡುಕಿದಳು: "ಸುಮ್ನೆ ಯಾಕೆ ಒದ್ದಾಡ್ತೀರಾ? ನನ್ನ ನಂಬಿಕೆನೇ ಗಿಡ್ಡ ಅಂತೆ."

ಕಥೆಯೆಲ್ಲ ಕೇಳಿಸಿಕೊಂಡ ಮೇಸ್ತ್ರಿ ಟೇಪು ಸುತ್ತುತ್ತಾ ಹೇಳಿದರು: "ನೋಡು ಮಗಳೇ, ಈ ಟೇಪಲ್ಲಿ ಕಾಲು ಅಳೀಬಹುದು. ನಂಬಿಕೆ ಅಳೆಯೋ ಟೇಪು ಆ ಮೈಕಿನೋನಿಗೆ ಎಲ್ಲಿ ಸಿಕ್ತಂತೆ? ಕೇಳ್ಕೊಂಡು ಬಾ, ನಾನೂ ಒಂದು ತಗೋತೀನಿ."

ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ವಾರದ ನಂತರ ಬೂಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಎರಡೂ ಭುಜ ಒಂದೇ ಸಮಕ್ಕಿದ್ದವು. ಮುಂದಿನ ಭಾನುವಾರ ಅಮ್ಮ ಹೊರಡುವ ಹೊತ್ತಿಗೆ ಮಗಳೂ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನು ಕೇಳಿದ್ದು ಕಾಲು. ದೇವರು ಕಳ್ಸಿದ್ದು ಮೇಸ್ತ್ರೀನ," ಎಂದು ಬೂಟಕ್ಕ ನಗುತ್ತಾರೆ. "ಈಗ ಯೋಚ್ನೆ ಮಾಡಿದ್ರೆ ಅವನು ಕಳ್ಸಿದ್ದೇ ಸರಿ ಅನ್ಸುತ್ತೆ."

ಮೇಸ್ತ್ರಿಗೆ ಕೈಜೋಡಿಸಲು ಯಾರಾದರೂ ಬೇಕಿತ್ತು. ಸೇರಿಕೊಂಡರು. ಮೊದಲ ಆರು ತಿಂಗಳು ಚರ್ಮಕ್ಕಿಂತ ಹೆಚ್ಚು ಬೆರಳಿಗೇ ಸೂಜಿ ಚುಚ್ಚಿಕೊಂಡರು. ಸಂಜೆಯಾದರೆ ಸೊಂಟದಿಂದ ಕೆಳಗೆ ಕೊರಡು. ಇಂದಿಗೂ ಕೆಲವು ದಿನ ಹಾಗೆಯೇ. "ಅಂಥ ದಿನ ಪ್ರಾರ್ಥನೆ ಬರಲ್ಲ, ಜಗಳಾನೇ ಆಡ್ತೀನಿ. ಕೇಳಿಸ್ಕೋತಾನೆ, ಪಾಪ."

ಕಳೆದ ವರ್ಷ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ತಾಯಿಯೊಬ್ಬಳು ಬಂದಳು. ಮಗುವಿಗೂ ಗಿಡ್ಡ ಕಾಲು. ಆದರೆ ಅಳತೆ ಕೊಡಲು ತಾಯಿ ಸುತರಾಂ ಒಪ್ಪಲಿಲ್ಲ. "ದೇವರು ವಾಸಿ ಮಾಡ್ತಾನೆ. ಬೂಟು ಹಾಕ್ಸಿದ್ರೆ ಅವನನ್ನ ನಂಬ್ಲಿಲ್ಲ ಅಂತಾಗುತ್ತೆ ಅಕ್ಕಾ," ಎಂದಳು. ಡಾಕ್ಟರು ಆಗಲೇ ಗದರಿ ಸೋತಿದ್ದರು.

ಬೂಟಕ್ಕ ಗದರಲಿಲ್ಲ. ಕುರ್ಚಿಯಲ್ಲಿ ಕೂತು ತಮ್ಮ ಎಡಗಾಲಿನ ಬೂಟು ಕಳಚಿ ಪಕ್ಕಕ್ಕಿಟ್ಟರು. ಮೇಜು ಹಿಡಿದು ಎದ್ದು ನಿಂತರು. ಸಣಕಲು ಕಾಲು ನೆಲಕ್ಕೆ ಎಟುಕದೆ ತೂಗುತ್ತಿತ್ತು. "ನೋಡು ತಂಗಿ. ಬೂಟು ಬಿಟ್ರೂ ನಾನು ಅವನ ಮಗಳೇ. ಹಾಕ್ಕೊಂಡ್ರೂ ಅವನ ಮಗಳೇ. ಹಾಕ್ಕೊಂಡ್ರೆ ಬಸ್ಸು ಸಿಗುತ್ತೆ, ಅಷ್ಟೇ ವ್ಯತ್ಯಾಸ."

ತಾಯಿ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು. ಅಂದು ಅಳತೆ ಕೊಡದೆ ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಬೂಟಕ್ಕ ದಿನಾ ಬಾಗಿಲು ನೋಡುತ್ತಿದ್ದರು. ಹನ್ನೊಂದನೇ ದಿನ ಇಬ್ಬರೂ ಬಂದರು. ಮಗುವಿನ ಬೇಡಿಕೆ ಒಂದೇ, ಲೇಸು ಕೆಂಪಗಿರಬೇಕು. ಬೂಟು ಸಿದ್ಧವಾದ ದಿನ ಆ ಹುಡುಗಿ ವರಾಂಡದ ಆ ತುದಿಯವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ಹೋದಳು. ಕರೆದರೂ ನಿಲ್ಲಲೊಲ್ಲಳು. "ಸ್ತೋತ್ರಪ್ಪಾ, ಸ್ತೋತ್ರ," ಎನ್ನುತ್ತಾ ತಾಯಿ ಗೋಡೆಗೆ ಒರಗಿ ನಿಂತಿದ್ದಳು.

ಈ ವರ್ಷ ಬೂಟಕ್ಕನ ಬಲಗಾಲೂ ಸೋಲತೊಡಗಿದೆ. ಇಷ್ಟು ವರ್ಷ ಎರಡರ ಕೆಲಸ ಒಂದೇ ಮಾಡಿದ ಕಾಲು ಅದು. ಇನ್ನೆರಡು ವರ್ಷದಲ್ಲಿ ಗಾಲಿಕುರ್ಚಿ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಂದು ಚರ್ಮದ ಸುರುಳಿಗಳ ಹಿಂದೆ ಕೂತು ಮನಸಾರೆ ಅತ್ತರು. ಮರುದಿನ ಬಡಗಿಯನ್ನು ಕರೆಸಿ, ಕೂತು ಕೆಲಸ ಮಾಡುವಂತೆ ಮೇಜಿನ ಕಾಲುಗಳನ್ನು ಒಂಬತ್ತು ಇಂಚು ಕೊಯ್ಯಿಸಿದರು.

ಎಂಬತ್ತು ದಾಟಿದ ಅಮ್ಮ ಈಗಲೂ ಜೊತೆಗಿದ್ದಾರೆ. ಮಗಳ ಕಾಲು ಒತ್ತುತ್ತಾ, "ಸ್ವರ್ಗಕ್ಕೆ ಹೋದ್ಮೇಲೆ ಎಲ್ಲ ಸರಿಹೋಗುತ್ತೆ ಕಣೇ," ಎನ್ನುತ್ತಾರಂತೆ. "ಅದೇ ಚಿಂತೆ ಅಮ್ಮಾ, ಅಲ್ಲಿ ಎಲ್ರ ಕಾಲೂ ಸರಿ ಇದ್ರೆ ನಂಗೇನು ಕೆಲ್ಸ?" ಎಂದು ಇವರು ರೇಗಿಸುತ್ತಾರೆ.

ಮತ್ತೇನು ಆಸೆಯಿದೆ? ಬೂಟಕ್ಕ ದಾರಕ್ಕೆ ಮೇಣ ಸವರಿ ಸೂಜಿಗೆ ಪೋಣಿಸುತ್ತಾರೆ.

"ಕೊಟ್ಟಿರೋದೇ ಬೇಕಾದಷ್ಟಿದೆ. ಕೈ ಎರಡೂ ಹೀಗೇ ಇರ್ಲಿ, ಸಾಕು. ಕೂತು ಹೊಲಿದ ಬೂಟೂ ನಡೆಯುತ್ತಲ್ಲ?"